ಗ್ರಹಣದ ದಿನ ಡೊಂಬಿವಲಿಗೆ ಹೋದ ಏಪ್ರನ್

2010ರ ಜನವರಿ 14, ಗುರುವಾರ, ಸಂಜೆ ಐದು ನಲವತ್ತು. ಕಲ್ಯಾಣ್ ಪಶ್ಚಿಮದಲ್ಲಿ ಮಿಠಾಯಿ ಅಂಗಡಿಯೊಂದರ ಮಾಳಿಗೆಯಲ್ಲಿದ್ದ ನಮ್ಮ ಎಕ್ಸ್‌ರೇ ಸೆಂಟರಿನಿಂದ ಅವತ್ತಿನ ಕೊನೆಯ ಪೇಷಂಟ್ ಇಳಿದು ಹೋಗಿದ್ದ. ಸಂಕ್ರಾಂತಿಯಾದ್ದರಿಂದ ಕೆಳಗಿನಿಂದ ಎಳ್ಳು ಹುರಿಯುವ ವಾಸನೆ ಬರುತ್ತಿತ್ತು. ನನ್ನ ಸೀನಿಯರ್ ಟೆಕ್ನಿಷಿಯನ್, ನಾನು ಅಕ್ಕ ಎಂದು ಕರೆಯುವವರು, ಬಾಗಿಲು ಮುಂದೆ ಮಾಡಿ, ಗೋಡೆಗೆ ನೇತುಹಾಕಿದ್ದ ಏಪ್ರನ್ ತೋರಿಸಿ, "ಇದನ್ನು ನಾಳೆ ಒಂದಿನಕ್ಕೆ ಮನೆಗೆ ತಗೊಂಡು ಹೋಗ್ತೇನೆ. ಡಾಕ್ಟ್ರಿಗೆ ಹೇಳ್ಬೇಡ ಆಯ್ತಾ" ಅಂದರು.

ನಾನು ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿ ಎರಡೂವರೆ ತಿಂಗಳಾಗಿತ್ತು. ಆ ಏಪ್ರನ್ ಎಂದರೆ ಎಕ್ಸ್‌ರೇ ತೆಗೆಯುವಾಗ ನಾವು ಎದೆಯಿಂದ ಮೊಣಕಾಲಿನವರೆಗೆ ತೊಡುವ ಅಂಗಿ. ಹೊರಗೆ ನೀಲಿ ರೆಕ್ಸಿನ್, ಒಳಗೆ ಸೀಸದ ಪುಡಿ ಕಲಸಿದ ರಬ್ಬರಿನ ಹಾಳೆ. ಕಿರಣಗಳನ್ನು ತಡೆಯುವುದು ಸೀಸ. ಅದು ಮೈಗೆ ತಕ್ಕಂತೆ ಬಾಗುವಂತೆ ಹಿಡಿದಿಟ್ಟುಕೊಳ್ಳುವುದು ರಬ್ಬರು. ತೊಟ್ಟವರ ಹೆಗಲು ಸಂಜೆಗೆ ನೋಯುತ್ತದೆ. ಅದನ್ನು ಯಾವತ್ತೂ ಮಡಚಬಾರದು, ದಪ್ಪ ದಂಡಕ್ಕೆ ನೇತುಹಾಕಬೇಕು ಎಂದು ಕಾಲೇಜಿನಲ್ಲಿ ಬರೆಸಿದ್ದರು. ಮಡಚಿದರೆ ಒಳಗಿನ ಹಾಳೆ ಬಿರುಕು ಬಿಡುತ್ತದೆ, ಹೊರಗಿನ ರೆಕ್ಸಿನ್ ಮಾತ್ರ ಏನೂ ಆಗದ ಹಾಗೆ ಇರುತ್ತದೆ.

ಮರುದಿನ ಸೂರ್ಯಗ್ರಹಣ. ಅಕ್ಕನಿಗೆ ನಾಲ್ಕೂವರೆ ತಿಂಗಳು. ಏಪ್ರನ್ ಬೇಕಾಗಿದ್ದುದು ಅವರಿಗಲ್ಲ, ಅವರ ಅತ್ತೆಗೆ. ಗ್ರಹಣದ ಬೆಳಕಿಗೂ ಇದಕ್ಕೂ ಸಂಬಂಧವಿಲ್ಲ, ಕಿಟಕಿ ಮುಚ್ಚಿ ಕೂತರೆ ಸಾಲದೇ ಎಂದು ಕೇಳಿದೆ. ಅಕ್ಕ ಸ್ಟೂಲ್ ಎಳೆದುಕೊಂಡು ಕೂತರು.

"ಅದು ನಂಗೆ ಗೊತ್ತುಂಟು ಮಾರಾಯ್ತಿ. ಆದ್ರೆ ಅತ್ತೆಗೆ ಹೇಳಿದ್ದು ನಾನೇ ಅಲ್ವಾ."

ಬಸುರಿಯಾದ ಸುದ್ದಿ ಗೊತ್ತಾದಾಗ ಕೆಲಸ ಬಿಡು ಎಂದು ಮನೆಯಲ್ಲಿ ಜಗಳವಾಗಿತ್ತಂತೆ. ಆಗ ಅಕ್ಕ ಅತ್ತೆಯ ಎದುರು ಕೂತು, ನಮ್ಮಲ್ಲಿ ಒಂದು ಅಂಗಿ ಉಂಟು, ಎಂಥ ಕಿರಣವೂ ಅದನ್ನು ದಾಟುವುದಿಲ್ಲ ಎಂದು ಹೇಳಿ ಕೆಲಸ ಉಳಿಸಿಕೊಂಡಿದ್ದರು. ಅತ್ತೆ ಆ ಮಾತನ್ನು ಮರೆತಿರಲಿಲ್ಲ. ಎಂಥ ಕಿರಣವೂ ದಾಟದಿದ್ದರೆ ಗ್ರಹಣದ್ದೂ ದಾಟಬಾರದು, ತೆಗೆದುಕೊಂಡು ಬಾ ಎಂದಿದ್ದರು. ಆಗುವುದಿಲ್ಲ ಎಂದರೆ ಮೊದಲು ಹೇಳಿದ್ದು ಸುಳ್ಳಾಗುತ್ತಿತ್ತು.

ನಮ್ಮಲ್ಲಿ ಎರಡು ಏಪ್ರನ್ ಇದ್ದವು. ಎರಡನೆಯದು ಅಂಬರನಾಥದ ಒಂದು ರಬ್ಬರ್ ಯುನಿಟ್ಟಿನವರು ಪರೀಕ್ಷೆಗೆಂದು ಕೊಟ್ಟುಹೋಗಿದ್ದ ಹೊಸ ಬಗೆ. ಅದರಲ್ಲಿ ಸೀಸವೇ ಇಲ್ಲ, ಬೇರೆ ಲೋಹಗಳ ಪುಡಿಗಳನ್ನು ರಬ್ಬರಿಗೆ ಸೇರಿಸಿದ್ದರು. ತೂಕ ಬಹಳ ಕಡಿಮೆ. ಅದನ್ನಾದರೂ ಒಯ್ಯಿರಿ ಅಂದೆ. ಅಕ್ಕ ಒಪ್ಪಲಿಲ್ಲ. ಅತ್ತೆ ಕೈಯಲ್ಲಿ ಹಿಡಿದು ತೂಗಿ ನೋಡುತ್ತಾರೆ, ಹಗುರವಾಗಿದ್ದರೆ ನಂಬುವುದಿಲ್ಲ ಎಂದರು.

ಆರು ಗಂಟೆಗೆ ಅಕ್ಕನ ಗಂಡ ಬಂದರು. ಠಾಣೆಯಲ್ಲಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು; ಅದಕ್ಕೂ ಮೊದಲು ಹತ್ತು ವರ್ಷ ಪಾರ್ಸೆಲ್ ಕೌಂಟರಿನಲ್ಲಿದ್ದರಂತೆ. ಏಪ್ರನ್ ಎತ್ತಿ ನೋಡಿ, "ಇದೆಂತದು, ಒಳಗೆ ಹಂಚು ತುಂಬಿಸಿದ್ದೀರಾ?" ಎಂದರು. ಮಡಚಬಾರದು ಎಂದು ನಾನು ಹೇಳಿಮುಗಿಸುವಷ್ಟರಲ್ಲಿ ಅದು ಅವರ ಕೈಯಲ್ಲಿ ನಾಲ್ಕು ಮಡಿಕೆಯಾಗಿ, ಜೇಬಿನಿಂದ ಬಂದ ಸುತಳಿ ಅಡ್ಡ ಉದ್ದ ಸುತ್ತಿಕೊಂಡು, ಮೇಲೊಂದು ಹಿಡಿಕೆ ಸಹಿತ ಪೊಟ್ಟಣವಾಗಿಬಿಟ್ಟಿತ್ತು. ಹಾಗೇ ನೇತುಹಾಕಿಕೊಂಡು ಹೋಗಿ ಎಂದು ಕೇಳಿಕೊಂಡೆ. ಆರೂ ಇಪ್ಪತ್ತರ ಲೋಕಲ್ ರೈಲಿಗೆ ಇದನ್ನು ನೇತುಹಾಕಿಕೊಂಡು ಹತ್ತಿದರೆ ಏಪ್ರನ್ ಡೊಂಬಿವಲಿ ಸೇರುತ್ತದೆ, ತಾನು ನಡುದಾರಿಯ ಠಾಕುರ್ಲಿಯಲ್ಲೇ ಉದುರುತ್ತೇನೆ ಎಂದರು. ಅಕ್ಕ ನಕ್ಕರು. ನಾನೂ ನಕ್ಕೆ.

ಗ್ರಹಣದ ದಿನ ಸೆಂಟರಿಗೆ ಬಂದವರು ಮೂರೇ ಜನ. ಡೊಂಬಿವಲಿಯ ಮನೆಯಲ್ಲಿ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದರು. ಹನ್ನೊಂದು ದಾಟಿದ ಮೇಲೆ ಹಿಡಿದ ಗ್ರಹಣ ಮೂರು ದಾಟಿ ಬಿಡುವವರೆಗೂ ಅವರು ಒಳಕೋಣೆಯ ಮಂಚದ ಮೇಲೆ ಏಪ್ರನ್ ತೊಟ್ಟು, ಅದರ ಮೇಲೆ ಅತ್ತೆ ಇಟ್ಟ ದರ್ಬೆಯ ಹುಲ್ಲು ಬೀಳದಂತೆ ಕೂತಿದ್ದರು. ಫ್ಯಾನ್ ಇತ್ತು, ಆದರೂ ಬೆನ್ನು ಬೆವರಿ ಅಂಟುತ್ತಿತ್ತು. ಅತ್ತೆ ಆಗಾಗ ಬಂದು ಏಪ್ರನ್ನಿನ ಅಂಚನ್ನು ಮೊಣಕಾಲಿನ ಕೆಳಗೆ ಎಳೆದು ಸರಿಮಾಡಿ ಹೋಗುತ್ತಿದ್ದರು.

ಗ್ರಹಣ ಬಿಟ್ಟ ಮೇಲೆ ಎಲ್ಲರ ತಲೆಸ್ನಾನವಾಯಿತು. ಮೈಮೇಲಿದ್ದ ಬಟ್ಟೆಯೆಲ್ಲ ನೀರಿಗೆ ಹೋಗಬೇಕಲ್ಲ, ಏಪ್ರನ್ ಕೂಡ ಹೋಯಿತು. ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಅತ್ತೆ ಅದನ್ನು ಬಕೆಟಿನಲ್ಲಿ ಅದ್ದಿ, ಹಿಂಡಲು ನೋಡಿ, ಹಿಂಡಲಾಗದೆ, ಮನೆಮುಂದಿನ ಗ್ಯಾಲರಿಯ ತಂತಿಯ ಮೇಲೆ ಸೀರೆ ಒಣಹಾಕುವ ಹಾಗೆ ಅರ್ಧಕ್ಕೆ ಇಳಿಬಿಟ್ಟಿದ್ದರು. ತಂತಿ ಜೋತು ಪಕ್ಕದ ಮನೆಯವರ ಬಟ್ಟೆ ನೆಲಕ್ಕೆ ತಾಗಿ ಮರಾಠಿಯಲ್ಲಿ ಎರಡು ಮಾತೂ ಆಯಿತಂತೆ. ಅಕ್ಕ ನೋಡುವಾಗ ಮರುದಿನ ಬೆಳಿಗ್ಗೆಯಾಗಿತ್ತು.

ಏಪ್ರನ್ ಶನಿವಾರ ಮರಳಿ ಬಂತು. ಸೋಮವಾರ, 18ರಂದು ಅದನ್ನು ಎತ್ತಿಕೊಂಡಾಗ ಹಸಿ ರೆಕ್ಸಿನ್ನಿನ ವಾಸನೆ ಬಂತು. ಡಾಕ್ಟರ್ ಊಟಕ್ಕೆ ಹೋಗಿದ್ದರು. ಏಪ್ರನ್ನಿನ ಒಳಗೆ ಏನಾಗಿದೆ ಎಂದು ನೋಡಲು ಇರುವ ದಾರಿ ಒಂದೇ, ಅದಕ್ಕೂ ಎಕ್ಸ್‌ರೇ ತೆಗೆಯುವುದು. ಮೇಜಿನ ಮೇಲೆ ಹರಡಿ ಎರಡು ದೊಡ್ಡ ಫಿಲ್ಮ್ ತೆಗೆದೆ. ರಬ್ಬರ್ ಸರಿಯಿದ್ದರೆ ಕಿರಣ ದಾಟುವುದಿಲ್ಲ, ಫಿಲ್ಮ್ ಬೆಳ್ಳಗೆ ಉಳಿಯುತ್ತದೆ. ದಾಟಿದಲ್ಲಿ ಕಪ್ಪಾಗುತ್ತದೆ. ಮೊದಲ ಫಿಲ್ಮಿನಲ್ಲಿ ಕುತ್ತಿಗೆಯ ಬಳಿ ಕೂದಲೆಳೆಯಂಥ ನಾಲ್ಕೈದು ಗೆರೆಗಳು, ಅಷ್ಟೆ. ಎರಡನೆಯದನ್ನು ತೊಳೆಯುವ ಡೆವಲಪರ್ ದ್ರವದಿಂದ ಎತ್ತಿ ಕೆಂಪು ಬೆಳಕಿಗೆ ಹಿಡಿದಾಗ ಹೊಟ್ಟೆಯ ಜಾಗದಲ್ಲಿ ಎಡದಿಂದ ಬಲಕ್ಕೆ, ಸ್ವಲ್ಪ ಓರೆಯಾಗಿ, ಒಂದು ಗೇಣಿಗಿಂತ ಉದ್ದದ ಕಪ್ಪು ಗೆರೆ ಇತ್ತು.

ಅಕ್ಕನನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಏಪ್ರನ್ ಎದೆಗೆ ಹಿಡಿದು, ಗೆರೆ ಬರುವ ಜಾಗಕ್ಕೆ ಬೆರಳಿಟ್ಟರು. ಬೆರಳು ಹೊಕ್ಕುಳಿನಿಂದ ಸ್ವಲ್ಪ ಕೆಳಗೆ ಬಂತು.

"ಇದು ಗ್ರಹಣದ್ದೋ, ಮೊದಲೇ ಇದ್ದದ್ದೋ?"

ಅವರು ಕೇಳಿದ್ದು ಅದೊಂದೇ ಪ್ರಶ್ನೆ. ಗೆರೆ ಮೊನ್ನೆ ಬಿದ್ದದ್ದಾದರೆ ಗಾಬರಿಯಾಗಬೇಕಾದ್ದೇನಿಲ್ಲ, ಆಮೇಲೆ ಅವರು ಅದನ್ನು ತೊಟ್ಟು ಕೆಲಸ ಮಾಡಿಯೇ ಇರಲಿಲ್ಲ. ಮೊದಲೇ ಇದ್ದದ್ದಾದರೆ, ಬಸುರಿಯಾದ ದಿನದಿಂದ ಅಷ್ಟೂ ತಿಂಗಳು ಆ ಸೀಳಿನ ಹಿಂದೆಯೇ ಮಗು ಇತ್ತು.

ನಾನು ಎಲ್ಲವನ್ನೂ ಬರೆದಿಡುವವಳು. ಯಾವ ದಿನ ಎಷ್ಟು ಫಿಲ್ಮ್, ಎಷ್ಟು ಹಾಳು, ಎಷ್ಟು ಸಲ ಪಕ್ಕದ ನರ್ಸಿಂಗ್ ಹೋಮಿಗೆ, ಕೆಳಗೆ ಮೆಟ್ಟಿಲ ಬಳಿ ಇರುತ್ತಿದ್ದ ಗಾಲಿಯ ಎಕ್ಸ್‌ರೇ ಮೆಷಿನ್ ತಳ್ಳಿಕೊಂಡು ಹೋದದ್ದು, ಎಲ್ಲಕ್ಕೂ ಡೈರಿಯಲ್ಲಿ ಗೀಟು ಹಾಕಿದ್ದೆ. ಸೆಂಟರಿನಲ್ಲಾದರೆ ನಮ್ಮ ಮುಂದೆ ಸೀಸದ ಪರದೆಯಿರುತ್ತದೆ. ನರ್ಸಿಂಗ್ ಹೋಮಿನಲ್ಲಿ ಪೇಷಂಟಿನ ಮಂಚವಿರುವ ಕೋಣೆಯಲ್ಲೇ ನಿಲ್ಲಬೇಕು, ಮೈಮೇಲಿನ ಏಪ್ರನ್ ಒಂದೇ ಆಸರೆ. ಅಕ್ಕ ಹೋದದ್ದಕ್ಕೆ ನನ್ನ ಡೈರಿಯಲ್ಲಿ ಹತ್ತೊಂಬತ್ತು ಗೀಟುಗಳಿದ್ದವು. ಆದರೆ ಅವು ನವೆಂಬರ್ 2ರಿಂದ, ನಾನು ಸೇರಿದ ದಿನದಿಂದ ಮಾತ್ರ. ಏಪ್ರನ್ನನ್ನು ಕೊನೆಯ ಸಲ ಹೀಗೆ ಪರೀಕ್ಷಿಸಿದ್ದು ಯಾವಾಗ ಎಂದು ಸೆಂಟರಿನ ರಿಜಿಸ್ಟರಿನಲ್ಲೂ ಇರಲಿಲ್ಲ.

ಗೆರೆಯನ್ನೇ ಕೇಳೋಣ ಎಂದುಕೊಂಡೆ. ಅಕ್ಕನ ಗಂಡ ನಾಲ್ಕು ಮಡಿಕೆ ಮಾಡಿದ್ದರು, ಹಾಗಾದರೆ ಅಡ್ಡ ಒಂದು, ಉದ್ದ ಒಂದು ಗೆರೆ ಬೀಳಬೇಕಿತ್ತು. ಉದ್ದದ್ದು ಇರಲೇ ಇಲ್ಲ. ಅತ್ತೆಯ ತಂತಿ ಅಡ್ಡಗೆರೆ ಮಾಡಬಹುದು, ಆದರೆ ತಂತಿ ಓರೆಯಾಗಿತ್ತೇ? ಪಕ್ಕದವರ ಬಟ್ಟೆ ನೆಲಕ್ಕೆ ತಾಗುವಷ್ಟು ಜೋತಿತ್ತು ಎಂದಮೇಲೆ ಇರಲೂಬಹುದು. ಹಾಗೆಂದು ಡೈರಿಯಲ್ಲಿ ಬರೆದು ಸಮಾಧಾನವಾಗುವಷ್ಟರಲ್ಲಿ, ನರ್ಸಿಂಗ್ ಹೋಮಿಗೆ ಹೋಗುವಾಗ ನಾವು ಏಪ್ರನ್ನನ್ನು ಎಲ್ಲಿ ಇಡುತ್ತಿದ್ದೆವು ಎಂಬುದು ನೆನಪಾಯಿತು. ಮೆಷಿನ್ನಿನ ಹಿಡಿಕೆಯ ಮೇಲೆ, ಅರ್ಧಕ್ಕೆ ಇಳಿಬಿಟ್ಟು. ಹಿಡಿಕೆ ಓರೆಯಾಗಿಯೇ ಇತ್ತು. ನಾನು ಬರುವ ಮೊದಲೂ ಹಾಗೇ ಇಡುತ್ತಿದ್ದರು. ಎಷ್ಟು ವರ್ಷದಿಂದ ಎಂದು ಅಕ್ಕನನ್ನು ಕೇಳಿದೆ. ತಾವು ಬಂದಾಗಿನಿಂದ ಎಂದರು.

ಡಾಕ್ಟರಿಗೆ ಹೇಳಲೇಬೇಕಾಯಿತು. ಗ್ರಹಣದ ವಿಷಯ ಬಿಟ್ಟು ಬಿರುಕಿನ ವಿಷಯ ಹೇಳಿದೆವು. ಅವರು ಒಳ್ಳೆಯವರು, ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಮಂಚದಿಂದ ಆರಡಿ ದೂರ ನಿಂತರೆ ಬರುವುದು ಚೆದುರಿದ ಅಲ್ಪ ಕಿರಣ ಮಾತ್ರ, ಕೂದಲೆಳೆ ಸೀಳಿನಿಂದ ಹೋಗುವುದು ಅದರಲ್ಲೂ ಅಲ್ಪ, ಹೆದರಬೇಡಿ. ಹಾಗಾದರೆ ಏಪ್ರನ್ ಇಲ್ಲದೆಯೇ ನಿಲ್ಲಬಹುದೇ ಎಂದು ಅಕ್ಕ ಕೇಳಿದರು. ಖಂಡಿತ ಇಲ್ಲ, ಯಾವತ್ತೂ ಹಾಗೆ ನಿಲ್ಲಬೇಡಿ ಎಂದು ಸಿಟ್ಟಾದರು. ಎರಡೂ ಮಾತು ನಿಜವೇ ಇರಬೇಕು. ಆದರೆ ಅವೆರಡರ ನಡುವೆ ಅಕ್ಕ ಎಲ್ಲಿ ನಿಲ್ಲಬೇಕು ಎಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ.

ನಾವು ಏಪ್ರನ್ನಿನ ಒಳಗೆ, ಎದೆಗೆ ಚುಚ್ಚಿಕೊಳ್ಳುವ ಬ್ಯಾಜ್ ಒಂದಿದೆ, ಮೈಗೆ ತಾಗಿದ ಕಿರಣದ ಲೆಕ್ಕ ಇಡುತ್ತದೆ. ಮೂರು ತಿಂಗಳಿಗೊಮ್ಮೆ ಕಳಿಸಿದರೆ ಎಷ್ಟೋ ವಾರಗಳ ಮೇಲೆ ಉತ್ತರ ಬರುತ್ತದೆ. ಬಂದ ಉತ್ತರ ಸುರಕ್ಷಿತವೆಂದೇ ಇತ್ತು. ಅಕ್ಕ ಅದನ್ನು ಎರಡು ಸಲ ಓದಿ, ಬ್ಯಾಜ್ ಚುಚ್ಚಿದ್ದ ಜಾಗ ಮುಟ್ಟಿ ನೋಡಿಕೊಂಡರು. ಎದೆಯ ಮೇಲೆ. ಅಲ್ಲಿ ರಬ್ಬರ್ ಸರಿಯಾಗಿಯೇ ಇತ್ತು.

ಆದರೆ ಅದು ಆಮೇಲಿನ ಮಾತು. ಜನವರಿ 24, ಭಾನುವಾರ, ಬಿರುಕು ಹಳೆಯದೋ ಹೊಸದೋ ರಬ್ಬರಿನವರಿಗೆ ತಿಳಿದೀತು ಎಂದು ನಾನು ಅಕ್ಕನನ್ನು ಅಂಬರನಾಥಕ್ಕೆ ಕರೆದುಕೊಂಡು ಹೋದೆ. ಹೊಸ ಏಪ್ರನ್ ಕೊಟ್ಟಿದ್ದ ಅದೇ ಯುನಿಟ್ಟಿನ ಪಕ್ಕದ ಗೋಡೌನಿನಲ್ಲಿ ನಮ್ಮಪ್ಪ ಲೋಡಿಂಗ್ ಕೆಲಸ ಮಾಡುತ್ತಿದ್ದರು. ಅಲ್ಲಿ ರಜೆ ಶುಕ್ರವಾರ, ಭಾನುವಾರ ಕೆಲಸ. ಅಪ್ಪ ಕಲಬುರಗಿಯ ಕಡೆಯವರು. ಅಕ್ಕನ ಮಾತು ಅವರಿಗೆ, ಅವರ ಮಾತು ಅಕ್ಕನಿಗೆ ಅರ್ಧರ್ಧ ತಿಳಿಯುತ್ತಿತ್ತು, ಕೊನೆಗೆ ಇಬ್ಬರೂ ಹಿಂದಿಗೆ ಇಳಿದರು. ವಿಷಯ ಕೇಳಿ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಯವ್ವಾ, ಬಸುರಿ ಹೆಣಮಗಳನ್ನ ಈ ನಾತದಾಗ ಯಾಕ್ ಕರಕೊಂಡ್ ಬಂದಿ? ಫಿಲಮ್ ತಂದಿದ್ರ ಸಾಕಿತ್ತಿಲ್ಲೇನು?" ಎಂದರು. ನಿಜ, ನನಗದು ಹೊಳೆದಿರಲಿಲ್ಲ. ಅಕ್ಕ ಹೊರಗೆ ಗೇಟಿನ ಹತ್ತಿರ ಬೇವಿನ ನೆರಳಲ್ಲಿ ಕೂತರು. ನಾನು ಫಿಲ್ಮ್ ಹಿಡಿದು ಒಳಗೆ ಹೋದೆ.

ಒಳಗೆ ಎರಡು ದಪ್ಪ ಉರುಳೆಗಳು ಎದುರುಬದುರು ತಿರುಗುತ್ತಿದ್ದವು. ನಡುವೆ ರಬ್ಬರು ಹೋಳಿಗೆಯ ಕಣಕದ ಹಾಗೆ ಜಗ್ಗುತ್ತಿತ್ತು. ಮುಖಕ್ಕೆ ಬಟ್ಟೆ ಕಟ್ಟಿದ ಒಬ್ಬರು ಬೂದು ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಿದ್ದರು, ಜಗ್ಗಿದಷ್ಟೂ ಅದು ಒಳಗೆ ಹೋಗುತ್ತಿತ್ತು. ಮೇಲ್ವಿಚಾರಕರು ಫಿಲ್ಮ್ ನೋಡಿ, ಹೊಸ ಹಾಳೆಯ ಒಂದು ಪಟ್ಟಿ ಕತ್ತರಿಸಿ ನನ್ನೆದುರೇ ಮಡಚಿ ಬಿಚ್ಚಿದರು. ಏನೂ ಆಗಲಿಲ್ಲ. ಒಂದು ಸಲ ಮಡಚಿದರೆ ಬಿರುಕು ಬೀಳುವುದಿಲ್ಲ, ಫಿಲ್ಮಿನ ಈ ಗೆರೆ ಹಳೆಯದೇ ಎಂದರು. ಅಷ್ಟರಲ್ಲಿ ಪ್ಯಾಕಿಂಗಿನವರು ಮೂಲೆಯಿಂದ ಯಾವುದೋ ಆಸ್ಪತ್ರೆ ಮರಳಿಸಿದ್ದ ಹಳೆಯ ಏಪ್ರನ್ನಿನ ತುಂಡು ತಂದು ಮಡಚಿದರು. ಅದು ಚಕ್ಕುಲಿಯ ಹಾಗೆ ಮುರಿಯಿತು. ರಬ್ಬರಿಗೆ ವಯಸ್ಸಾದರೆ ಹೀಗೆ, ಒಂದೇ ಸಲ ಸಾಕು ಎಂದರು ಅವರು. ನಿಮ್ಮದಕ್ಕೆ ವಯಸ್ಸೆಷ್ಟು ಎಂದು ಇಬ್ಬರೂ ನನ್ನನ್ನು ಕೇಳಿದರು. ಅದರ ಲೇಬಲ್ ನಾನು ಸೇರುವ ಮೊದಲೇ ಉದುರಿಹೋಗಿತ್ತು.

ಹೋಗಲಿ, ಇನ್ನು ಮುಂದೆ ಅಕ್ಕ ಹೊಸ ಹಗುರದ್ದನ್ನು ತೊಟ್ಟರೆ ಸರಿಯೇ ಎಂದು ಕೇಳಿದೆ. ಮೇಲ್ವಿಚಾರಕರು ಸಂತೋಷದಿಂದ ಹೌದೆಂದರು. ಮರುದಿನ ಅದಕ್ಕೂ ಎಕ್ಸ್‌ರೇ ತೆಗೆದು ನೋಡಿದೆ. ಎಪ್ಪತ್ತು ಕಿಲೋವೋಲ್ಟಿನಲ್ಲಿ ಅದು ಸೀಸದ ಏಪ್ರನ್ನಿನಷ್ಟೇ ಬೆಳ್ಳಗೆ ಬಂತು. ನೂರಕ್ಕೆ ಏರಿಸಿದಾಗ ಅದರ ಫಿಲ್ಮ್ ಮಾತ್ರ ಬೂದುಬಣ್ಣಕ್ಕೆ ತಿರುಗಿತು. ಬಿರುಕಿಲ್ಲ, ಆದರೆ ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ದಾಟಿದಂತೆ. ಫೋನಿನಲ್ಲಿ ಕೇಳಿದ್ದಕ್ಕೆ ಮೇಲ್ವಿಚಾರಕರು, ಒಂದೊಂದು ಲೋಹ ಒಂದೊಂದು ಬಗೆಯ ಕಿರಣವನ್ನು ಚೆನ್ನಾಗಿ ಹಿಡಿಯುತ್ತದೆ, ಎಲ್ಲವನ್ನೂ ಬೆರೆಸಿ ಸೀಸಕ್ಕೆ ಸಮ ಮಾಡಿದ್ದೇವೆ, ಆ ಸಮ ಎನ್ನುವುದು ವೋಲ್ಟೇಜಿಗೆ ತಕ್ಕಂತೆ ಬದಲಾಗುತ್ತದೆ ಎಂದರು. ಅಂದರೆ ಒಂದು ಏಪ್ರನ್ ಒಂದು ಗೆರೆಯಲ್ಲಿ ಪೂರ್ತಿ ಸೋರುತ್ತದೆ, ಇನ್ನೊಂದು ಕೆಲವೊಮ್ಮೆ ಎಲ್ಲ ಕಡೆ ಚೂರು ಸೋರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಯಾವುದು ಮೇಲು? ಈ ವಾಕ್ಯವನ್ನು ಡೈರಿಯಲ್ಲಿ ಮೂರು ದಿನ ಬರೆದಿದ್ದೇನೆ, ಕೆಳಗೆ ಏನೂ ಇಲ್ಲ.

ಡಾಕ್ಟರ್ ಫಿಲ್ಮ್ ಲೆಕ್ಕ ನೋಡಿ ಪರೀಕ್ಷೆ ನಿಲ್ಲಿಸಿ ಎಂದರು. ಆ ಸಂಜೆ ಅಕ್ಕ ತಾವೇ ಒಂದು ತೀರ್ಮಾನ ಹೇಳಿದರು.

"ಇನ್ನು ನಾನು ಒಳಗೆ ಬರುದಿಲ್ಲ. ಬಟನ್ ನೀನು ಒತ್ತು, ಫಿಲ್ಮ್ ನಾನು ತೊಳೀತೇನೆ. ಮನೆಯಲ್ಲಿ ಯಾರಿಗೂ ಹೇಳುದು ಬೇಡ."

ಗಂಡನಿಗೂ ಬೇಡವೇ ಎಂದೆ. ಗಂಡನಿಗೆ ಹೇಳಿದರೆ ಅತ್ತೆಗೆ ಹೇಳಿದ ಹಾಗೆ, ಅತ್ತೆಗೆ ಏಪ್ರನ್ ತೂತು ಎಂದು ಗೊತ್ತಾದರೆ ಕೆಲಸದ ಚಿಂತೆ ಆಮೇಲೆ, ಮೊದಲು ಗ್ರಹಣ ಒಳಗೆ ಹೊಕ್ಕಿತು ಎಂದು ಕೂರುತ್ತಾರೆ ಎಂದರು. ಹೇಳುವಾಗ ನಗುತ್ತಿದ್ದರು. ಆದರೆ ಮಾರ್ಚ್‌ನಲ್ಲಿ ಒಂದು ದಿನ, ಡಾರ್ಕ್ ರೂಮಿನಲ್ಲಿ ಫಿಕ್ಸರ್ ದ್ರವದ ವಾಸನೆಗೆ ವಾಂತಿ ಮಾಡಿ ಬಂದು, ಅತ್ತೆ ಹೇಳುವುದರಲ್ಲೂ ಏನೋ ಇರಬಹುದಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದು ಹೇಳಿದೆ. ಅಷ್ಟು ಗಟ್ಟಿಯಾಗಿ ನಾನು ಹೇಳಬಲ್ಲವಳಾಗಿದ್ದ ಸಂಗತಿ ಅದೊಂದೇ.

ಜೂನ್ 6, ಭಾನುವಾರ, ಹೆಣ್ಣು ಮಗು. ಹದಿಮೂರನೇ ದಿನ ನೋಡಲು ಡೊಂಬಿವಲಿಗೆ ಹೋದೆ. ಮಳೆ ಹಿಡಿದಿತ್ತು, ಗ್ಯಾಲರಿಯ ತಂತಿಯ ಮೇಲೆ ಮಗುವಿನ ಬಟ್ಟೆಗಳು ಒಣಗದೆ ನೇತಾಡುತ್ತಿದ್ದವು. ಅತ್ತೆ ಮಗುವನ್ನು ನನ್ನ ಮಡಿಲಲ್ಲಿ ಮಲಗಿಸಿ ತುಟಿ, ಕಿವಿ, ಬೆರಳು ಒಂದೊಂದೇ ತೋರಿಸಿದರು. ಗ್ರಹಣ ತಾಗಿದ್ದರೆ ತುಟಿ ಸೀಳುತ್ತಿತ್ತು ಎಂದರು. ಸೀಳಿರಲಿಲ್ಲ.

"ನಿಮ್ಮ ಆ ಅಂಗಿ ಭಾರೀ ಒಳ್ಳೇದು ಮಗಾ. ಮೇಲಿನ ಮಾಳಿಗೆಯ ಹುಡುಗಿಗೂ ಈಗ ಮೂರು ತಿಂಗಳು. ಮುಂದಿನ ಗ್ರಹಣಕ್ಕೆ ಕೊಡ್ತೀರಾ ಕೇಳು ನಿಮ್ಮ ಡಾಕ್ಟ್ರಲ್ಲಿ."

ಕೇಳುತ್ತೇನೆ ಎಂದೆ. ಅಕ್ಕ ಮಂಚದಲ್ಲಿ ಆ ಕಡೆ ತಿರುಗಿ ಮಲಗಿದ್ದರು. ನಗುತ್ತಿದ್ದಾರೆಂದುಕೊಂಡೆ. ಮಗುವನ್ನು ಕೊಡಲು ಹತ್ತಿರ ಹೋದಾಗ ಅವರು ಅಳುತ್ತಿದ್ದುದು ಕಂಡಿತು. ಯಾಕೆಂದು ಆಗ ಕೇಳುವ ಹಾಗಿರಲಿಲ್ಲ, ಆಮೇಲೆ ಕೇಳಲಿಲ್ಲ.

ಈಗ 2014ರ ಆಗಸ್ಟ್. ನಾನು ಐರೋಲಿಯ ಸೆಂಟರೊಂದರಲ್ಲಿದ್ದೇನೆ. ಇಲ್ಲಿ ಫಿಲ್ಮ್ ತೊಳೆಯುವುದಿಲ್ಲ, ಎಲ್ಲ ಪರದೆಯ ಮೇಲೆ ಬರುತ್ತದೆ, ಏಪ್ರನ್‌ಗಳಿಗೆ ನಂಬರಿದೆ, ಪರೀಕ್ಷಿಸಿದ ತಾರೀಖನ್ನು ನಾನೇ ಬರೆಯುತ್ತೇನೆ. ಅಕ್ಕ ಕೋಪರಿಯ ಒಂದು ಕ್ಲಿನಿಕ್ಕಿನಲ್ಲಿದ್ದಾರೆ. ಹುಡುಗಿಗೆ ನಾಲ್ಕು ತುಂಬಿದೆ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಒಂದು ಕಡೆ ಕೂರುವುದಿಲ್ಲ.

ಕಳೆದ ಭಾನುವಾರ, 17ರಂದು ಅಕ್ಕ ಮನೆಗೆ ಬಂದಿದ್ದರು. ಎರಡನೆಯ ಸಲ ಬಸುರಿ, ಎರಡು ತಿಂಗಳು. ಈಗ ಗಂಡನಿಗೂ ಎಲ್ಲ ಗೊತ್ತು. ಬಿರುಕು ಮೊದಲೇ ಇದ್ದದ್ದಾದರೆ ಅಷ್ಟಾಗಿಯೂ ಹುಡುಗಿ ಗಟ್ಟಿಯಾಗಿದ್ದಾಳೆ, ಹಾಗಾದರೆ ಧೈರ್ಯವಾಗಿ ಕೆಲಸ ಮಾಡು ಎಂಬುದು ಗಂಡನ ವಾದ. ಅಕ್ಕನದ್ದು ತಿರುಗಾಮುರುಗಾ. ಮೊದಲೇ ಇದ್ದದ್ದಾದರೆ ಆ ಸಲ ಬಚಾವಾದದ್ದು ಅದೃಷ್ಟ, ಅದನ್ನು ಎರಡನೇ ಸಲ ಪರೀಕ್ಷೆ ಮಾಡುವುದಿಲ್ಲ, ಕೆಲಸ ಬಿಡುತ್ತೇನೆ. ಗ್ರಹಣದ ದಿನ ಬಿದ್ದದ್ದಾದರೆ ಅಷ್ಟು ತಿಂಗಳು ಏಪ್ರನ್ ಮಗುವನ್ನು ಕಾಯ್ದಿದೆ, ಒಳ್ಳೆಯ ಏಪ್ರನ್ ತೊಟ್ಟು ಈಗಲೂ ನಿಲ್ಲಬಹುದು. ಗಂಡನ ವಾದವೂ ಸರಿ ಅನ್ನಿಸುತ್ತದೆ, ಇವರದ್ದೂ. ಬ್ಯಾಜಿನ ಮಾತು, ಡಾಕ್ಟರ್ ಹೇಳಿದ ಮಾತು ಎಲ್ಲ ಮತ್ತೆ ಹೇಳಿದೆ. ಅಕ್ಕ ಕೇಳಿಸಿಕೊಂಡರು.

"ಅದೆಲ್ಲ ಇರ್ಲಿ. ನೀನು ಲೆಕ್ಕದವಳು. ಮೊದಲಾ, ಆಮೇಲಾ, ಅಷ್ಟು ಹೇಳು. ಹೇಳುವವರೆಗೆ ನಾನು ಒಳಗೆ ಕಾಲಿಡುದಿಲ್ಲ."

ಕ್ಲಿನಿಕ್ಕಿನಲ್ಲಿ ಅವರಿಗೆ ಗಣೇಶ ಹಬ್ಬ ಕಳೆಯುವವರೆಗೆ ಕೌಂಟರಿನ ಕೆಲಸ ಕೊಟ್ಟಿದ್ದಾರೆ. ಆಮೇಲೆ ಒಳಗೆ ಹೋಗಬೇಕು, ಇಲ್ಲವೇ ಬಿಡಬೇಕು.

ಎರಡೂ ಫಿಲ್ಮ್ ನನ್ನ ಹತ್ತಿರ ಇವೆ. ಈ ವಾರ ಪ್ರತಿದಿನ ಬೆಳಕಿಗೆ ಹಿಡಿದು ನೋಡಿದ್ದೇನೆ. ಗೆರೆಯ ಒಂದು ತುದಿ ಚೂಪಾಗಿದೆ, ಇನ್ನೊಂದು ತುದಿಯಲ್ಲಿ ಅದು ಎರಡು ಕವಲಾಗಿದೆ. ಅಂಚು ಕೆಲವು ಕಡೆ ನೇರ, ಕೆಲವು ಕಡೆ ಉದುರಿದ ಹಾಗೆ. ಇದರಿಂದ ಏನಾದರೂ ತಿಳಿಯುತ್ತದೆಯೇ? ಸೀಸದ ರಬ್ಬರಿನ ಬಿರುಕು ಒಂದೇ ರಾತ್ರಿಯಲ್ಲಿ ಬಿದ್ದದ್ದೋ ವರ್ಷಗಟ್ಟಲೆ ಬಿದ್ದದ್ದೋ ಎಂದು ನೋಡಿ ಹೇಳಬಲ್ಲವರು ಓದುಗರಲ್ಲಿ ಯಾರಾದರೂ ಇದ್ದರೆ, ರಬ್ಬರಿನ ಕೆಲಸದವರಾಗಲಿ ಎಕ್ಸ್‌ರೇಯವರಾಗಲಿ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಫಿಲ್ಮುಗಳ ಪ್ರತಿ ಕಳಿಸುತ್ತೇನೆ. ಹಾಗೆ ಹೇಳುವುದು ಸಾಧ್ಯವೇ ಇಲ್ಲ ಎಂದು ಖಚಿತವಾಗಿ ಗೊತ್ತಿರುವವರೂ ಬರೆಯಿರಿ. ಅಕ್ಕನಿಗೆ ಅದನ್ನಾದರೂ ಹೇಳಬೇಕು.